ಹೆಬ್ಬೆರಳು ಸವೆದವರ ಗ್ಯಾರಂಟಿ

ನಮ್ಮ ನೆರೆಮನೆಯ ಆ ತಾಯಿ ಬಾಲ್ಯದಲ್ಲೇ ಬೀಡಿ ಕಟ್ಟಲು ಕುಳಿತವರು. ಈಗ ವಯಸ್ಸು ಅರವತ್ತು ದಾಟಿದೆ. ಎಲೆಯನ್ನು ನೀರಿನಲ್ಲಿ ನೆನೆಹಾಕುವುದು, ಕತ್ತರಿಯಿಂದ ಅಳತೆಗೆ ಕತ್ತರಿಸುವುದು, ಹೊಗೆಸೊಪ್ಪಿನ ಪುಡಿ ತುಂಬಿ ಸುರುಳಿ ಸುತ್ತಿ ನೂಲು ಬಿಗಿಯುವುದು, ಕೊನೆಗೆ ತುದಿಯನ್ನು ಬೆರಳಿನಿಂದ ಒತ್ತಿ ಮಡಚುವುದು. ದಿನಕ್ಕೆ ನೂರಾರು ಬಾರಿ, ವರ್ಷಕ್ಕೆ ಲಕ್ಷಕ್ಕೂ ಮಿಕ್ಕಿ. ಇದೇ ಬೆರಳುಗಳಿಂದ ಅವರು ಮೂವರು ಹೆಣ್ಣುಮಕ್ಕಳ ಮದುವೆ ಮಾಡಿದರು, ಒಬ್ಬ ಮಗನನ್ನು ಓದಿಸಿ ವೀಸಾದ ಸಾಲ ಹೊತ್ತು ಸೌದಿಗೆ ಕಳುಹಿಸಿದರು. ಬಂಟ್ವಾಳ, ಪುತ್ತೂರು, ಬೆಳ್ತಂಗಡಿಯ ಕಡೆಯ ಓದುಗರಿಗೆ ಈ ಚಿತ್ರವನ್ನು ವಿವರಿಸಬೇಕಾಗಿಲ್ಲ. ನಮ್ಮಲ್ಲಿ ಅನೇಕರ ಶಾಲಾ ಶುಲ್ಕ ಪಾವತಿಯಾದದ್ದೇ ಉಮ್ಮಂದಿರ ಬೀಡಿಯ ಮೊರದಿಂದ.

ಆ ಬೆರಳುಗಳಲ್ಲಿ ಈಗ ಗೆರೆಗಳಿಲ್ಲ. ಅದು ಗೊತ್ತಾದದ್ದು ಪಡಿತರ ಪಡೆಯುವ ಸೊಸೈಟಿಯಲ್ಲಿ.

ಒಂದು ತಿಂಗಳು ಅವರು ಮೂರು ಬಾರಿ ಸೊಸೈಟಿಗೆ ಹೋದರು. ಮೊದಲ ದಿನ ಯಂತ್ರ ಹೆಬ್ಬೆರಳನ್ನು ಒಪ್ಪಲಿಲ್ಲ. ಕೈ ತೊಳೆದು ಬಂದರು, ಬೆರಳನ್ನು ತಲೆಗೂದಲಿಗೆ ಉಜ್ಜಿ ಸ್ವಲ್ಪ ಎಣ್ಣೆಯಂಶ ತಾಗಿಸಿಕೊಂಡು ಮತ್ತೆ ಒತ್ತಿದರು, ಹತ್ತೂ ಬೆರಳುಗಳನ್ನು ಒಂದೊಂದಾಗಿ ಇಟ್ಟು ನೋಡಿದರು. ಎರಡನೆಯ ದಿನ ಸರ್ವರ್ ಇರಲಿಲ್ಲ. ಮೂರನೆಯ ದಿನ ಮತ್ತೆ ಬೆರಳು. ಸರತಿಯಲ್ಲಿ ಹಿಂದೆ ನಿಂತಿದ್ದವರು ಗೊಣಗಲಾರಂಭಿಸಿದಾಗ ಅವರು ಚೀಲ ಮಡಚಿಕೊಂಡು ಹೊರಬಂದರು. ಸೊಸೈಟಿಯ ನೌಕರನನ್ನು ನಾನು ದೂರಲಾರೆ. ಆತ ಹೇಳಿದ್ದು ಇಷ್ಟೇ: "ನಾನೇನು ಮಾಡಲಿ ಅಮ್ಮಾ, ನಿಮ್ಮನ್ನು ಮೂವತ್ತು ವರ್ಷಗಳಿಂದ ಬಲ್ಲೆ. ಆದರೆ ಮಿಷನ್ನಿಗೆ ಗೊತ್ತಿಲ್ಲವಲ್ಲ!"

ಮೂವತ್ತು ವರ್ಷಗಳಿಂದ ಬಲ್ಲ ಒಬ್ಬ ಮನುಷ್ಯನ ಮಾತಿಗಿಂತ, ಮೂರು ಸೆಕೆಂಡು ಬೆರಳು ನೋಡುವ ಯಂತ್ರದ ಮಾತು ದೊಡ್ಡದಾದದ್ದು ಯಾವಾಗ? ಈ ಪ್ರಶ್ನೆಯನ್ನು ನಮ್ಮ ರಾಜ್ಯದ ಯಾವ ಪಕ್ಷವೂ ಗಂಭೀರವಾಗಿ ಎತ್ತಿಕೊಂಡಿಲ್ಲ.

ಕರ್ನಾಟಕದ ರಾಜಕೀಯ ಕಳೆದ ಕೆಲವು ವರ್ಷಗಳಿಂದ ಗ್ಯಾರಂಟಿ ಎಂಬ ಒಂದು ಪದದ ಸುತ್ತ ಸುತ್ತುತ್ತಿದೆ. 2022ರ ಜುಲೈಯಲ್ಲಿ ಪ್ರಧಾನಿಯವರು ಉಚಿತ ಕೊಡುಗೆಗಳನ್ನು 'ರೇವಡಿ ಸಂಸ್ಕೃತಿ' ಎಂದು ಟೀಕಿಸಿದರು. ಮರುವರ್ಷ ಕಾಂಗ್ರೆಸ್ ಪಕ್ಷವು ಸಿದ್ದರಾಮಯ್ಯ ಮತ್ತು ಡಿ.ಕೆ. ಶಿವಕುಮಾರ್ ಅವರ ಸಹಿಯಿರುವ ಗ್ಯಾರಂಟಿ ಕಾರ್ಡುಗಳನ್ನು ಮನೆಮನೆಗೆ ಹಂಚಿ 135 ಸ್ಥಾನ ಗೆದ್ದಿತು. ಆ ಬಳಿಕ 2024ರ ಲೋಕಸಭಾ ಚುನಾವಣೆಯಲ್ಲಿ ಸ್ವತಃ ಬಿಜೆಪಿಯೇ 'ಮೋದಿ ಗ್ಯಾರಂಟಿ' ಎಂಬ ಘೋಷಣೆಯೊಂದಿಗೆ ಬಂತು. ಪದವನ್ನು ಹೀಗಳೆದವರೇ ಪದವನ್ನು ಎರವಲು ಪಡೆದರು. ರಾಜಕೀಯದಲ್ಲಿ ಇದು ಸಾಮಾನ್ಯ, ನಾವು ಅಚ್ಚರಿಪಡಬೇಕಿಲ್ಲ.

ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ನಾನು ಈ ಯೋಜನೆಗಳ ಪರ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ, ತವರುಮನೆಗೆ ಹೋಗಲು ಗಂಡನ ಜೇಬು ನೋಡಬೇಕಾಗಿದ್ದ ಎಷ್ಟೋ ಹೆಣ್ಣುಮಕ್ಕಳು ಶೂನ್ಯ ದರದ ಟಿಕೆಟ್ ಹಿಡಿದು ಬಸ್ಸು ಹತ್ತಿದರು. ನಮ್ಮ ದಕ್ಷಿಣ ಕನ್ನಡ ಮತ್ತು ಉಡುಪಿಯಲ್ಲಿ ಖಾಸಗಿ ಬಸ್ಸುಗಳದೇ ಪಾರುಪತ್ಯವಾದ ಕಾರಣ ಈ ಭಾಗ್ಯ ನಮ್ಮವರಿಗೆ ದಕ್ಕಿದ್ದು ಕಡಿಮೆ. ಸರಕಾರಿ ಬಸ್ಸು ಹೆಚ್ಚಿಸಿ ಎಂಬ ಬೇಡಿಕೆ ನಮ್ಮಲ್ಲಿ ಇನ್ನೂ ಬೇಡಿಕೆಯಾಗಿಯೇ ಉಳಿದಿದೆ. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಕಂತುಗಳು ತಡವಾಗಿ ಬಂದರೂ ಔಷಧದಂಗಡಿಯ ಸಾಲ ತೀರಿಸಿವೆ. ಅನ್ನಭಾಗ್ಯದ ಹೆಚ್ಚುವರಿ ಅಕ್ಕಿಗೆ ಕೇಂದ್ರದ ದಾಸ್ತಾನಿನಿಂದ ಅಕ್ಕಿ ಸಿಗದಾಗ ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿದರು, 2025ರ ಫೆಬ್ರವರಿಯಿಂದ ಹಣದ ಬದಲು ಅಕ್ಕಿಯನ್ನೇ ಕೊಡತೊಡಗಿದರು. ನಾವು ಕರಾವಳಿಯವರು ಕುಚ್ಚಲಕ್ಕಿಯ ಗಂಜಿ ಉಣ್ಣುವವರು. ಸೊಸೈಟಿಯ ಬೆಳ್ತಿಗೆ ಅಕ್ಕಿ ನಮ್ಮಲ್ಲಿ ದೋಸೆಗೂ ರೊಟ್ಟಿಗೂ ಹೋಗುತ್ತದೆ. ಆದರೂ ಹೊಟ್ಟೆ ತುಂಬಿಸುವ ಅಕ್ಕಿ ಅಕ್ಕಿಯೇ.

'ಬಿಟ್ಟಿ ಭಾಗ್ಯ' ಎಂದು ಮೂಗು ಮುರಿಯುವವರಲ್ಲಿ ನಮ್ಮ ಸಮುದಾಯದ ಉಳ್ಳವರೂ ಇದ್ದಾರೆ. ಅವರಿಗೆ ಒಂದೇ ಒಂದು ಮಾತು. ಝಕಾತನ್ನು ನಾವು ಎಂದೂ ಭಿಕ್ಷೆ ಎಂದು ಕಲಿತಿಲ್ಲ. ಶ್ರೀಮಂತನ ಸಂಪತ್ತಿನಲ್ಲಿ ಬಡವನಿಗಿರುವ ಹಕ್ಕು ಎಂದೇ ಕಲಿತಿದ್ದೇವೆ. ಹಕ್ಕಿನ ಈ ಕಲ್ಪನೆಯನ್ನು ಮದ್ರಸದಲ್ಲಿ ಕಲಿತವರಿಗೆ, ಸರಕಾರದ ಬೊಕ್ಕಸದಲ್ಲಿ ಬಡವನಿಗೆ ಪಾಲಿದೆ ಎಂದಾಗ ಸಿಟ್ಟು ಬರುವುದೇಕೆ? ಬೆಂಕಿಪೊಟ್ಟಣದಿಂದ ಸಾಬೂನಿನವರೆಗೆ ಕೊಳ್ಳುವ ಪ್ರತಿಯೊಂದು ವಸ್ತುವಿನ ಮೇಲೆ ಆ ಬೀಡಿ ಕಟ್ಟುವ ತಾಯಿಯೂ ತೆರಿಗೆ ಕಟ್ಟುತ್ತಿದ್ದಾರೆ.

ಆದರೆ ಹಕ್ಕು ಎಂದು ಘೋಷಿಸುವುದು ಬೇರೆ, ಹಕ್ಕಿನಂತೆ ಕೊಡುವುದು ಬೇರೆ. 2025-26ರ ಬಜೆಟ್‌ನಲ್ಲಿ ಗ್ಯಾರಂಟಿಗಳಿಗೆ 51 ಸಾವಿರ ಕೋಟಿಗೂ ಅಧಿಕ ಹಣ ಇಡಲಾಯಿತು. ಇಷ್ಟು ದೊಡ್ಡ ಮೊತ್ತ ಜನರ ಕೈ ಸೇರುವ ದಾರಿಯಲ್ಲಿ ಆಧಾರ್, ಇ-ಕೆವೈಸಿ, ಒಟಿಪಿ, ಬ್ಯಾಂಕ್ ಖಾತೆಯ ಎನ್‌ಪಿಸಿಐ ಮ್ಯಾಪಿಂಗ್ ಎಂಬ ನಾಲ್ಕು ಬಾಗಿಲುಗಳಿವೆ. ಪ್ರತಿ ಬಾಗಿಲಿನಲ್ಲೂ ಯಂತ್ರ ಕಾವಲಿದೆ. ನಮ್ಮ ಮನೆಗಳ ಅನುಭವದಿಂದಲೇ ಆ ಬಾಗಿಲುಗಳನ್ನು ನೋಡೋಣ.

ಮೊದಲು ಹೆಸರು. ಆಯಿಶಾ ಎಂಬ ಒಂದು ಹೆಸರನ್ನು ತೆಗೆದುಕೊಳ್ಳಿ. ಶಾಲೆಯ ದಾಖಲೆಯಲ್ಲಿ ಐಸಮ್ಮ, ಪಡಿತರ ಚೀಟಿಯಲ್ಲಿ ಆಯಿಷಾಬಿ, ಆಧಾರಿನಲ್ಲಿ ಆಯೇಷಾ, ಬ್ಯಾಂಕಿನ ಪಾಸ್ ಪುಸ್ತಕದಲ್ಲಿ ಗಂಡನ ಹೆಸರು ಸೇರಿಸಿ ಇನ್ನೊಂದು ರೂಪ. ಬರೆದುಕೊಂಡ ನಾಲ್ವರು ಗುಮಾಸ್ತರು ತಮಗೆ ಕೇಳಿಸಿದಂತೆ ಬರೆದರು. ಹಿಂದೆ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ, ಏಕೆಂದರೆ ಊರಿಗೆ ಅವಳು ಗೊತ್ತಿದ್ದಳು. ಈಗ ಕಂಪ್ಯೂಟರಿಗೆ ಈ ನಾಲ್ವರು ನಾಲ್ಕು ಬೇರೆ ಹೆಂಗಸರು. ತಪ್ಪು ಗುಮಾಸ್ತರದು, ತಿದ್ದುಪಡಿಯ ಖರ್ಚು ಮತ್ತು ಓಡಾಟ ಅವಳದು. ಅರಬಿ ಮೂಲದ ಹೆಸರುಗಳನ್ನು ಇಂಗ್ಲಿಷಿಗೂ ಕನ್ನಡಕ್ಕೂ ಒಗ್ಗಿಸಿಕೊಂಡ ನಮ್ಮಂಥವರಿಗೆ ಈ ತೊಂದರೆ ತುಸು ಹೆಚ್ಚೇ.

ಎರಡನೆಯದು ಒಟಿಪಿ. ನೆರೆಮನೆಯ ತಾಯಿಯ ಆಧಾರಿಗೆ ಜೋಡಿಸಿದ್ದು ಮಗನ ಮೊಬೈಲ್ ಸಂಖ್ಯೆ. ಮಗ ಸೌದಿಯಲ್ಲಿ ಒಂದು ಬಕಾಲೆಯಲ್ಲಿ ಕೆಲಸಕ್ಕಿದ್ದಾನೆ, ದುಡಿದದ್ದರಲ್ಲಿ ಬಹುಪಾಲು ವೀಸಾದ ಸಾಲಕ್ಕೆ ಹೋಗುತ್ತಿದೆ. ಇಲ್ಲಿ ಸೇವಾ ಕೇಂದ್ರದಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ತಾಯಿ ಕುಳಿತಿದ್ದರೆ ಅಲ್ಲಿ ಏಳೂವರೆ. ರಾತ್ರಿ ತಡವಾಗಿ ಅಂಗಡಿ ಮುಚ್ಚಿ ಮಲಗಿದವನು ಎದ್ದು ಫೋನ್ ನೋಡುವಷ್ಟರಲ್ಲಿ ಆ ಆರಂಕಿಯ ಆಯುಷ್ಯ ಮುಗಿದಿರುತ್ತದೆ. ಮರುದಿನ ಮತ್ತೆ. ಕೊನೆಗೆ ಊರಿನ ಆ ಸಿಮ್‌ಗೆ ರೀಚಾರ್ಜ್ ಮಾಡದೆ ಸಂಖ್ಯೆಯೇ ಸತ್ತುಹೋಯಿತು. ಗಲ್ಫಿನ ಮನೆಗಳಲ್ಲಿ ಇದು ಎಷ್ಟು ಸಾಮಾನ್ಯವೆಂದು ನಿಮಗೇ ಗೊತ್ತು. ಹೊಸ ಸಂಖ್ಯೆ ಜೋಡಿಸಲು ಆಧಾರ್ ಕೇಂದ್ರಕ್ಕೆ ಹೋದರೆ ಅಲ್ಲಿ ಕೇಳುವುದು ಬೆರಳಚ್ಚು! ಬೆರಳಿಲ್ಲವೆಂದು ಒಟಿಪಿಗೆ ಬಂದವರನ್ನು ಒಟಿಪಿಗಾಗಿ ಬೆರಳು ಕೊಡಿ ಎಂದು ಕಳುಹಿಸಿದಂತಾಯಿತು. ಎರಡನೆಯ ಭೇಟಿಯಲ್ಲಿ ಕಣ್ಣಿನ ಪಾಪೆಯಿಂದ ಕೆಲಸವಾಯಿತು ಎನ್ನುವುದನ್ನೂ ನ್ಯಾಯಕ್ಕಾಗಿ ಹೇಳಬೇಕು. ಮೊದಲ ಭೇಟಿಯಲ್ಲಿ ಆ ಮಾರ್ಗವಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಮೂರನೆಯದು ಬ್ಯಾಂಕು. ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ, ಓದುಗರು ಕ್ಷಮಿಸಬೇಕು. ಭಾರತದ ಬ್ಯಾಂಕಿಂಗ್ ಇತಿಹಾಸದಲ್ಲಿ ನಮ್ಮ ಜಿಲ್ಲೆಯ ಹೆಸರು ದೊಡ್ಡದು. 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕನ್ನು ಸ್ಥಾಪಿಸಿದವರು ಹಾಜಿ ಅಬ್ದುಲ್ಲಾ ಸಾಹೇಬರು. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಕೆನರಾ ಬ್ಯಾಂಕಿಗೆ ಅಡಿಪಾಯ ಹಾಕಿದರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಎಂಬ ಯೋಜನೆ ತಂದಿತು. ಏಜೆಂಟ್ ಮನೆಬಾಗಿಲಿಗೇ ಬಂದು ಎರಡಾಣೆ ಪಡೆದು ಪುಸ್ತಕದಲ್ಲಿ ಬರೆದು ಹೋಗುತ್ತಿದ್ದ. ಮೀನು ಮಾರುವವಳಿಗೂ ನೇಕಾರನಿಗೂ ಹಾಗೆ ಬ್ಯಾಂಕು ಪರಿಚಯವಾಯಿತು. ಮನೆಯಲ್ಲಿ ಯಾರಿಗೆ ಜ್ವರ, ಯಾರ ಮಗಳ ಮದುವೆ ಎಂದು ಪಿಗ್ಮಿಯವನಿಗೆ ಗೊತ್ತಿರುತ್ತಿತ್ತು. 2020ರ ಏಪ್ರಿಲ್ 1ರಂದು ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲೂ, ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲೂ ವಿಲೀನವಾದವು. ವಿಜಯಾ ಬ್ಯಾಂಕು ಅದಕ್ಕೂ ಒಂದು ವರ್ಷ ಮೊದಲೇ ಬರೋಡಾದ ಪಾಲಾಗಿತ್ತು. ಫಲಕ ಬದಲಾಯಿತು, ಸಂಕೇತ ಸಂಖ್ಯೆ ಬದಲಾಯಿತು, ಮೂಲೆಯ ಕೋಣೆಯಲ್ಲಿ ತುಳುವಿನಲ್ಲೋ ಬ್ಯಾರಿಯಲ್ಲೋ ಮಾತನಾಡುತ್ತಿದ್ದ ಗುಮಾಸ್ತರು ನಿವೃತ್ತರಾದರು.

ಈಗ ಸರಕಾರದ ಹಣ ಬರುವುದು ಆಧಾರಿಗೆ ಕೊನೆಯದಾಗಿ ಜೋಡಿಸಿದ ಖಾತೆಗೆ. ಫಲಾನುಭವಿ ಅರ್ಜಿಯಲ್ಲಿ ಬರೆದ ಖಾತೆಗೇ ಬರಬೇಕೆಂದಿಲ್ಲ. ಈ ಸೂಕ್ಷ್ಮ ಎಷ್ಟು ಜನರಿಗೆ ತಿಳಿದಿದೆ? 2017ರಲ್ಲಿ ಒಂದು ದೊಡ್ಡ ಮೊಬೈಲ್ ಕಂಪೆನಿಯು ಸಿಮ್ ಪರಿಶೀಲನೆಯ ನೆಪದಲ್ಲಿ ಗ್ರಾಹಕರ ಅರಿವಿಲ್ಲದೆ ಖಾತೆಗಳನ್ನು ತೆರೆದು, ಅಡುಗೆ ಅನಿಲದ ಸಬ್ಸಿಡಿ ಅಲ್ಲಿಗೆ ಹರಿದುಹೋದದ್ದು ದೇಶವ್ಯಾಪಿ ಸುದ್ದಿಯಾಗಿತ್ತು. ನಿಮ್ಮ ಮನೆಯ ಹಿರಿಯರು "ಹಣ ಬಂದಿಲ್ಲ" ಎಂದರೆ, ಯೋಜನೆಯನ್ನು ಬೈಯುವ ಮೊದಲು ಅವರ ಆಧಾರಿಗೆ ಈಗ ಯಾವ ಬ್ಯಾಂಕು ಜೋಡಣೆಯಾಗಿದೆ ಎಂದು ನೋಡಿ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲೇ ಅದು ಕಾಣುತ್ತದೆ. ಅದನ್ನು ನೋಡಲೂ ಒಟಿಪಿ ಬೇಕು ಎನ್ನುವುದು ಬೇರೆ ಮಾತು.

ಇಷ್ಟು ಕಟ್ಟುನಿಟ್ಟಿನ ವ್ಯವಸ್ಥೆಯಿಂದ ಕಳ್ಳರಾದರೂ ದೂರ ಉಳಿದರೇ? 2023ರಲ್ಲಿ ಮಂಗಳೂರಿನಲ್ಲೇ ಏನಾಯಿತೆಂದು ನೆನಪಿಸಿಕೊಳ್ಳಿ. ಆಸ್ತಿ ನೋಂದಣಿಗೆಂದು ಕೊಟ್ಟ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಯನ್ನು ದಾಖಲೆಪತ್ರಗಳಿಂದ ಕದ್ದು, ನಕಲಿ ಬೆರಳು ತಯಾರಿಸಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಜನರ ಖಾತೆಗಳಿಂದ ಹಣ ತೆಗೆದರು. ಇಲ್ಲಿ ಒಟಿಪಿಯೂ ಬೇಕಾಗಲಿಲ್ಲ. ಮನೆ ಕೊಂಡ ಸಂಭ್ರಮದಲ್ಲಿದ್ದವರ ಫೋನಿಗೆ ಹಣ ಹೋದ ಸಂದೇಶ ಬಂತು. ಬೀಡಿ ಕಟ್ಟುವ ತಾಯಿಯ ನಿಜವಾದ ಬೆರಳನ್ನು ನಂಬದ ಅದೇ ವ್ಯವಸ್ಥೆ ಕಳ್ಳನ ಅಂಟಿನ ಬೆರಳನ್ನು ನಂಬಿತು.

ಆಗ ಪೊಲೀಸರು ಕೊಟ್ಟ ಸಲಹೆ, ಬಯೋಮೆಟ್ರಿಕ್ಕನ್ನು ಲಾಕ್ ಮಾಡಿ ಎಂಬುದು. ಒಳ್ಳೆಯ ಸಲಹೆ. ನಾನೂ ಮಾಡಿಕೊಂಡಿದ್ದೇನೆ, ಓದುಗರಿಗೂ ಅದನ್ನೇ ಹೇಳುತ್ತೇನೆ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಆಧಾರಿನ ತೊಂದರೆಗೆ 1947. ಆದರೆ ಲಾಕ್ ಮಾಡಿದ ಬೆರಳು ಸೊಸೈಟಿಯ ಯಂತ್ರದಲ್ಲೂ ನಡೆಯುವುದಿಲ್ಲ! ಅಕ್ಕಿ ಬೇಕಾದ ದಿನ ಫೋನಿನಲ್ಲಿ ತೆರೆಯಬೇಕು, ಬಳಿಕ ಮುಚ್ಚಬೇಕು. ಸ್ಮಾರ್ಟ್‌ಫೋನ್ ಇರುವ ನನಗೆ ಇದು ಅರ್ಧ ನಿಮಿಷದ ಕೆಲಸ. ಗುಂಡಿಯ ಫೋನಿನಲ್ಲಿ ಹಸಿರು ಒತ್ತಿದರೆ ಮಾತು, ಕೆಂಪು ಒತ್ತಿದರೆ ಮುಕ್ತಾಯ ಎಂದಷ್ಟೇ ತಿಳಿದವರಿಗೆ? ಅವರು ಕಳ್ಳರಿಗೆ ತೆರೆದಿಟ್ಟು ಅಕ್ಕಿ ಪಡೆಯಬೇಕು, ಇಲ್ಲವೇ ಕಳ್ಳರಿಂದ ಉಳಿದು ಅಕ್ಕಿ ಬಿಡಬೇಕು.

ನಾನು ತಂತ್ರಜ್ಞಾನದ ವಿರೋಧಿಯಲ್ಲ. ನಮ್ಮ ರಾಜ್ಯವೇ 'ಭೂಮಿ' ಯೋಜನೆಯ ಮೂಲಕ ಪಹಣಿಯನ್ನು ಗಣಕೀಕರಿಸಿ ದೇಶಕ್ಕೆ ದಾರಿ ತೋರಿಸಿತು. ಒಂದು ಪಹಣಿಗಾಗಿ ಗ್ರಾಮಲೆಕ್ಕಿಗರ ಬೆನ್ನು ಹತ್ತುವ ಕಾಲ ಹೋದದ್ದು ಸಣ್ಣ ಲಾಭವಲ್ಲ. 2012ರಲ್ಲಿ ಜಾರಿಗೆ ಬಂದ ಸಕಾಲ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ನಿಗದಿತ ದಿನದೊಳಗೆ ಕೆಲಸವಾಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿಯವರೆಗೆ ಅರ್ಜಿದಾರನಿಗೆ ಪರಿಹಾರ ಕೊಡಬೇಕು, ಅದೂ ತಪ್ಪಿತಸ್ಥ ನೌಕರನಿಂದ! ಮೊತ್ತ ಚಿಕ್ಕದು. ಆದರೆ ಆ ಕಾಯಿದೆಯಲ್ಲಿ ತಡಮಾಡಿದವನಿಗೆ ಒಂದು ಹೆಸರಿತ್ತು, ಒಂದು ಹುದ್ದೆಯಿತ್ತು. ಇಂದಿನ ಯಂತ್ರ 'ಇಲ್ಲ' ಎಂದಾಗ ಹೆಸರಿಲ್ಲ, ಸಹಿಯಿಲ್ಲ, ಕಾಗದವೂ ಇಲ್ಲ. ಯಾರ ಮೇಲೆ ದೂರು ಕೊಡುವುದು?

ಭೂಮಿ ಕಾಂಗ್ರೆಸ್ ಸರಕಾರದ್ದು, ಸಕಾಲ ಬಿಜೆಪಿ ಸರಕಾರದ್ದು. ಎರಡೂ ಪಕ್ಷಗಳಿಗೆ ಹೆಮ್ಮೆಪಡಲು ವಿಷಯವಿದೆ. ಆದರೆ ತಿರಸ್ಕೃತರ ವಿಷಯ ಬಂದಾಗ ಎರಡೂ ಪಕ್ಷಗಳು ಒಂದೇ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳ ರದ್ದತಿ ವಿವಾದವಾದಾಗ ವಿಪಕ್ಷ ಅಬ್ಬರಿಸಿತು, ಸರಕಾರ ಅರ್ಹರ ಕಾರ್ಡು ಮರಳಿಸುವುದಾಗಿ ಹೇಳಿತು, ಅಲ್ಲಿಗೆ ಮುಗಿಯಿತು. ಗಣಕಯಂತ್ರದ ಪಟ್ಟಿಯೊಂದು ಬಡವನನ್ನು ಶ್ರೀಮಂತನೆಂದು ತೀರ್ಮಾನಿಸುವ ಮುನ್ನ ಅವನ ಮನೆಗೊಮ್ಮೆ ಹೋಗಿ ನೋಡಬೇಕೇ ಬೇಡವೇ ಎಂಬ ಚರ್ಚೆ ಸದನದಲ್ಲಿ ನಡೆಯಲಿಲ್ಲ. ಆಟೋ ಕೊಳ್ಳಲು ಸಾಲ ಬೇಕೆಂದು ಆದಾಯ ತೆರಿಗೆಯ ರಿಟರ್ನ್ಸ್ ಸಲ್ಲಿಸಿದ ನಮ್ಮೂರಿನ ಒಬ್ಬ ಯುವಕ ಒಂದು ರೂಪಾಯಿ ತೆರಿಗೆಯನ್ನೂ ಕಟ್ಟಿಲ್ಲ. ಆದರೂ ಅವನ ತಾಯಿಯ ಗೃಹಲಕ್ಷ್ಮಿ ಅರ್ಜಿಗೆ ಅದೇ ಅಡ್ಡಿಯಾಯಿತೆಂದು ಸೇವಾ ಕೇಂದ್ರದವರು ಬಾಯಿಮಾತಿನಲ್ಲಿ ಹೇಳಿ ಕಳುಹಿಸಿದರು. ನಿಯಮದಲ್ಲಿ ಇರುವುದು ಯಜಮಾನಿ ಅಥವಾ ಆಕೆಯ ಗಂಡನ ತೆರಿಗೆಯ ಮಾತು. ಮಗನದಲ್ಲ.

ಕಾನೂನು ಏನು ಹೇಳುತ್ತದೆ? 2018ರ ಸೆಪ್ಟೆಂಬರ್ 26ರ ಆಧಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಸಬ್ಸಿಡಿಗಳಿಗೆ ಆಧಾರ್ ಬಳಸುವುದನ್ನು ಎತ್ತಿಹಿಡಿಯಿತು, ನಿಜ. ಅದೇ ತೀರ್ಪಿನಲ್ಲಿ, ದೃಢೀಕರಣ ವಿಫಲವಾಯಿತೆಂಬ ಒಂದೇ ಕಾರಣಕ್ಕೆ ಅರ್ಹರಿಗೆ ಸೌಲಭ್ಯ ನಿರಾಕರಿಸುವುದಿಲ್ಲ ಎಂಬ ಅಟಾರ್ನಿ ಜನರಲ್‌ರ ಭರವಸೆಯನ್ನೂ ದಾಖಲಿಸಿತು. ಬೆರಳು ಕೈಕೊಟ್ಟರೆ ಕಣ್ಣಿನ ಪಾಪೆ, ಅದೂ ಆಗದಿದ್ದರೆ ಒಟಿಪಿ, ಅದೂ ಆಗದಿದ್ದರೆ ಪುಸ್ತಕದಲ್ಲಿ ಬರೆದುಕೊಂಡು ಪಡಿತರ ಕೊಡಿ ಎಂಬ ಅರ್ಥದ ಸುತ್ತೋಲೆಯನ್ನು ಆಧಾರ್ ಪ್ರಾಧಿಕಾರ 2017ರಲ್ಲೇ ಹೊರಡಿಸಿದೆ. ಅಂದರೆ ಆ ತಾಯಿ ಚೀಲ ಮಡಚಿಕೊಂಡು ಹೊರಬಂದ ದಿನ ಕಾನೂನು ಅವರ ಪರವಾಗಿಯೇ ಇತ್ತು. ಅದನ್ನು ಸೊಸೈಟಿಯ ಗೋಡೆಗೆ ಅಂಟಿಸುವವರು ಇರಲಿಲ್ಲ, ಅಷ್ಟೇ.

ರಾಜ್ಯ ಸರಕಾರವು 2024ರಲ್ಲಿ ಗ್ಯಾರಂಟಿ ಅನುಷ್ಠಾನಕ್ಕೆಂದು ರಾಜ್ಯ, ಜಿಲ್ಲೆ, ತಾಲ್ಲೂಕು ಮಟ್ಟದ ಸಮಿತಿಗಳನ್ನು ರಚಿಸಿತು. ಪಕ್ಷದ ಕಾರ್ಯಕರ್ತರಿಗೆ ಸರಕಾರದ ಗೌರವಧನವೇಕೆ ಎಂದು ವಿಪಕ್ಷ ಮುಗಿಬಿದ್ದಿತು. ಆ ಆಕ್ಷೇಪದಲ್ಲಿ ಹುರುಳಿದೆ ಎಂದೇ ನನ್ನ ಅನಿಸಿಕೆ. ಆದರೆ ಸಮಿತಿಗಳು ಇರುವುದೇ ನಿಜವಾದರೆ ಅವು ತಿಂಗಳಿಗೊಮ್ಮೆ ಪ್ರತಿ ಗ್ರಾಮ ಪಂಚಾಯತಿನಲ್ಲಿ ಕುಳಿತು, ಸಿಕ್ಕವರ ಲೆಕ್ಕ ಓದುವ ಬದಲು, ಸಿಗದವರ ಹೆಸರು ಕೂಗಲಿ. ನಿರಾಕರಣೆಗೆ ಲಿಖಿತ ಕಾರಣ ಕೊಡಲಿ, ಸಕಾಲದಂತೆ ಅದಕ್ಕೊಂದು ಸಂಖ್ಯೆಯಿರಲಿ. ಅಂಗನವಾಡಿಯ ಶಿಕ್ಷಕಿಯೋ ಪಂಚಾಯತಿನ ಅಧಿಕಾರಿಯೋ "ಈಕೆಯನ್ನು ನಾನು ಬಲ್ಲೆ" ಎಂದು ಸಹಿ ಹಾಕಿದರೆ ಯಂತ್ರ ಸುಮ್ಮನಾಗಬೇಕು. ಇದರಿಂದ ವಂಚನೆ ನಡೆಯದೇ? ಸ್ವಲ್ಪ ನಡೆದೀತು. ಆದರೆ ಸಹಿ ಹಾಕಿದವರು ಸಿಕ್ಕಿಬೀಳುತ್ತಾರೆ. ಯಂತ್ರದ ತಪ್ಪಿಗೆ ಇಂದು ಯಾರೂ ಸಿಕ್ಕಿಬೀಳುತ್ತಿಲ್ಲ.

ನಮ್ಮ ಮನೆಯನ್ನೂ ನೋಡಿಕೊಳ್ಳೋಣ. ರಮಝಾನ್ ಬಂತೆಂದರೆ ಕಿಟ್ ವಿತರಣೆಯ ಚಿತ್ರಗಳು ವಾಟ್ಸಪ್ ಸ್ಟೇಟಸ್‌ನಲ್ಲಿ ತುಂಬುತ್ತವೆ. ಅಕ್ಕಿಯ ಚೀಲ ಹಿಡಿದ ವಿಧವೆಯ ತಗ್ಗಿದ ಮುಖ, ಪಕ್ಕದಲ್ಲಿ ನಗುವ ಐದು ಮಂದಿ ಪದಾಧಿಕಾರಿಗಳು. ಕೆಲವೆಡೆ ಆಧಾರ್ ಪ್ರತಿ, ಪಡಿತರ ಚೀಟಿಯ ಪ್ರತಿ, ಫೋಟೋ ಎಲ್ಲವನ್ನೂ ಕೇಳುತ್ತಾರೆ. ಸರಕಾರಕ್ಕಾದರೂ ಆಕೆ ಯಾರೆಂದು ಗೊತ್ತಿಲ್ಲ. ಒಂದೇ ಜಮಾಅತಿನಲ್ಲಿ ನಲವತ್ತು ವರ್ಷ ಬದುಕಿದ ನಮಗೂ ಗೊತ್ತಿಲ್ಲವೇ? ಮಸೀದಿಯ ಪಕ್ಕದ ಕೋಣೆಯಲ್ಲಿ ವಾರಕ್ಕೊಂದು ಸಂಜೆ, ಅಸ್ರ್ ನಮಾಝಿನ ಬಳಿಕ, ಕಾಲೇಜಿಗೆ ಹೋಗುವ ಇಬ್ಬರು ಹುಡುಗರು ಮತ್ತು ಇಬ್ಬರು ಹುಡುಗಿಯರು ಒಂದು ಲ್ಯಾಪ್‌ಟಾಪ್ ಇಟ್ಟು ಕುಳಿತರೆ, ಊರಿನ ಎಲ್ಲ ಧರ್ಮದವರ ಕಾಗದಪತ್ರದ ತೊಡಕುಗಳು ಅರ್ಧಕ್ಕರ್ಧ ಬಿಡಿಸಿಕೊಳ್ಳುತ್ತವೆ. ಸೇವಾ ಕೇಂದ್ರದಲ್ಲಿ ಪುರುಷ ಸಿಬ್ಬಂದಿಯೆದುರು ಮುಖಪರದೆ ಸರಿಸಲು ಮುಜುಗರಪಡುವ ನಮ್ಮ ಹೆಂಗಸರಿಗಂತೂ ಆ ಇಬ್ಬರು ಹುಡುಗಿಯರು ದೊಡ್ಡ ಧೈರ್ಯ. ಇದನ್ನು ನಾವು ಮಾಡಿದ ಮಾತ್ರಕ್ಕೆ ಸರಕಾರದ ಹೊಣೆ ಇಳಿಯುವುದಿಲ್ಲ. ಅದನ್ನೂ ಅದೇ ಕೋಣೆಯಿಂದ ಅರ್ಜಿ ಬರೆದು ನೆನಪಿಸಬೇಕು.

ನೆರೆಮನೆಯ ತಾಯಿಯ ಆಧಾರಿಗೆ ಈಗ ಜೋಡಣೆಯಾಗಿರುವುದು ನನ್ನ ಮೊಬೈಲ್ ಸಂಖ್ಯೆ. ಬೇರೆ ದಾರಿ ಕಾಣಲಿಲ್ಲ. ತಿಂಗಳಿಗೊಮ್ಮೆ ಸೊಸೈಟಿಯಿಂದ ನನಗೆ ಕರೆ ಬರುತ್ತದೆ. ಕಳೆದ ಸಲ ನಾನು ಮಂಗಳೂರಿನ ಆಸ್ಪತ್ರೆಯೊಂದರ ಸರತಿಯಲ್ಲಿದ್ದೆ. ಒಟಿಪಿಯನ್ನು ಯಾರಿಗೂ ಹೇಳಬೇಡಿ ಎಂಬ ಸರಕಾರದ ಎಚ್ಚರಿಕೆಯ ದನಿಯನ್ನು ಪೂರ್ತಿ ಕೇಳಿಸಿಕೊಂಡ ಮೇಲೆ ಅವರಿಗೆ ನನ್ನ ದನಿ ಸಿಕ್ಕಿತಂತೆ. "ಮೋನೇ, ನಂಬರ್ ಬಂತಾ?" ಎಂದರು. ಬಂದಿತ್ತು. ಅಕ್ಕಪಕ್ಕದವರಿಗೆ ಕೇಳದಂತೆ, ಕೈಯನ್ನು ಬಾಯಿಗೆ ಅಡ್ಡ ಹಿಡಿದು, ಆರು ಅಂಕಿಗಳನ್ನು ಒಂದೊಂದಾಗಿ ಹೇಳಿದೆ.